ಹಳೆಯ ಯಂತ್ರಕ್ಕೊಂದು ದಿನದರ್ಶಿಕೆ

ಮನೆಯ ಗೋಡೆಯ ಮೇಲೆ ತೂಗುವ ದಿನದರ್ಶಿಕೆ ಎಲ್ಲರಿಗೂ ಪರಿಚಿತವಾದ ವಸ್ತು. ಶಾಲೆ ತೆರೆಯುವ ದಿನ, ಹಬ್ಬದ ದಿನ, ಹಾಲಿನ ಲೆಕ್ಕ, ಬ್ಯಾಂಕಿನ ಸಾಲದ ಕಂತು, ಊರ ಜಾತ್ರೆ, ಮದುವೆಯ ಮುಹೂರ್ತ ಇವೆಲ್ಲಕ್ಕೂ ಅದೇ ಆಧಾರ. ಅದು ತಪ್ಪು ಹೇಳೀತೆಂದು ಯಾರೂ ಶಂಕಿಸುವುದಿಲ್ಲ. ಒಂದನೆಯ ತಾರೀಖಾದ ಮೇಲೆ ಎರಡನೆಯದು, ಎರಡನೆಯದಾದ ಮೇಲೆ ಮೂರನೆಯದು ಬರುವುದು ಸೂರ್ಯೋದಯದಷ್ಟೇ ಸಹಜವಾದ ಸಂಗತಿಯೆಂದು ಜನ ಭಾವಿಸುತ್ತಾರೆ. ಆದರೆ ಈ ಲೆಕ್ಕವನ್ನು ಒಂದು ಗಣಕಯಂತ್ರಕ್ಕೆ, ಅದರಲ್ಲಿಯೂ ಹಳೆಯ ಕಾಲದ ಗಣಕಯಂತ್ರವೊಂದಕ್ಕೆ, ಕಲಿಸಹೊರಟವನಿಗೆ ಸತ್ಯಸ್ಥಿತಿ ಬೇರೆಯಾಗಿ ಕಾಣುತ್ತದೆ. ದಿನದರ್ಶಿಕೆಯಲ್ಲಿ ಸೂರ್ಯನ ಗತಿಯಿಂದ ಬಂದುದೆಷ್ಟು, ಮನುಷ್ಯರು ಕೂಡಿ ಮಾಡಿಕೊಂಡ ಒಪ್ಪಂದವೆಷ್ಟು ಎಂಬುದು ಅವನಿಗೆ ಹೆಜ್ಜೆಹೆಜ್ಜೆಗೂ ಗೋಚರವಾಗುತ್ತದೆ.

1969ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಮರ್ರೆ ಹಿಲ್ ಎಂಬಲ್ಲಿದ್ದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬ ತಜ್ಞರು ತಮ್ಮ ಸಹೋದ್ಯೋಗಿಗಳೊಡನೆ ಯುನಿಕ್ಸ್ ಎಂಬ ವ್ಯವಸ್ಥೆಯ ರಚನೆಗೆ ಕೈಹಾಕಿದರು. ಗಣಕಯಂತ್ರದ ನೆನಪು, ಕಡತಗಳು, ಮುದ್ರಕ ಮೊದಲಾದ ಅಂಗಗಳನ್ನೆಲ್ಲ ಒಂದು ಶಿಸ್ತಿಗೆ ಒಳಪಡಿಸಿ, ಅನೇಕರು ಏಕಕಾಲದಲ್ಲಿ ಒಂದೇ ಯಂತ್ರವನ್ನು ಬಳಸುವಂತೆ ಮಾಡುವುದು ಈ ವ್ಯವಸ್ಥೆಯ ಕೆಲಸ. ಕೆಲವೇ ವರ್ಷಗಳಲ್ಲಿ ಡೆನಿಸ್ ರಿಚಿ 'ಸಿ' ಎಂಬ ಹೊಸ ಭಾಷೆಯನ್ನು ರೂಪಿಸಿದರು. 1973ರಲ್ಲಿ ಯುನಿಕ್ಸಿನ ತಿರುಳನ್ನೇ ಆ ಭಾಷೆಯಲ್ಲಿ ಮತ್ತೆ ಬರೆಯಲಾಯಿತು. 1979ರಲ್ಲಿ ಹೊರಬಂದ ಅದರ ಏಳನೆಯ ಆವೃತ್ತಿ ವಿಶ್ವವಿದ್ಯಾಲಯಗಳಲ್ಲಿ ಬಹಳ ಹೆಸರು ಪಡೆಯಿತು. ಆಗ ಅದು ನಡೆಯುತ್ತಿದ್ದುದು ಪಿಡಿಪಿ-11 ಎಂಬ ಯಂತ್ರದ ಮೇಲೆ. ಒಂದು ಬೀರುವಿನಷ್ಟು ಜಾಗ ಹಿಡಿಯುತ್ತಿದ್ದ ಆ ಯಂತ್ರದ ಶಕ್ತಿ ಇಂದಿನ ಅಗ್ಗದ ಮೊಬೈಲು ಫೋನಿನ ಶಕ್ತಿಗಿಂತ ಎಷ್ಟೋ ಪಾಲು ಕಡಿಮೆ.

ಯುನಿಕ್ಸನ್ನು ರಚಿಸಿದವರ ನೀತಿ ಸರಳವಾಗಿತ್ತು. ಒಂದು ಕ್ರಮವಿಧಿ, ಎಂದರೆ ಪ್ರೋಗ್ರಾಂ, ಒಂದೇ ಕೆಲಸವನ್ನು ಮಾಡಬೇಕು. ಅದನ್ನು ಚೆನ್ನಾಗಿ ಮಾಡಬೇಕು. ಈ ನೀತಿಗೆ ಒಳ್ಳೆಯ ನಿದರ್ಶನ 'ಕ್ಯಾಲ್' ಎಂಬ ಪುಟ್ಟ ಕ್ರಮವಿಧಿ. ಕ್ಯಾಲೆಂಡರ್ ಎಂಬ ಪದದ ಮೊದಲ ಭಾಗವೇ ಅದರ ಹೆಸರು. ಬಳಸುವವನು ಆ ಹೆಸರನ್ನು ಬೆರಳಚ್ಚಿಸಿ, ಮುಂದೆ ತಿಂಗಳಿನ ಸಂಖ್ಯೆಯನ್ನೂ ವರ್ಷವನ್ನೂ ಕೊಟ್ಟರೆ ಆ ತಿಂಗಳ ದಿನಗಳು ವಾರಗಳ ಸಾಲಿನಲ್ಲಿ ಅಂದವಾಗಿ ಮೂಡುತ್ತವೆ. ಬರಿಯ ವರ್ಷವನ್ನು ಕೊಟ್ಟರೆ ಹನ್ನೆರಡು ತಿಂಗಳುಗಳೂ ಬರುತ್ತವೆ. ಕ್ರಿಸ್ತಶಕ 1ರಿಂದ 9999ರವರೆಗೆ ಯಾವ ವರ್ಷವನ್ನು ಬೇಕಾದರೂ ಕೇಳಬಹುದು. ಆದರೆ ಯಂತ್ರಕ್ಕೆ ಊಹೆಯ ಬುದ್ಧಿಯಿಲ್ಲ. 1978 ಎಂಬ ಅರ್ಥದಲ್ಲಿ 78 ಎಂದಷ್ಟೇ ಬರೆದರೆ ಅದು ಹತ್ತೊಂಬತ್ತು ಶತಮಾನ ಹಿಂದೆ ಸರಿದು ಕ್ರಿಸ್ತಶಕ 78ನೆಯ ವರ್ಷವನ್ನು, ಅಂದರೆ ನಮ್ಮ ಶಾಲಿವಾಹನ ಶಕೆಯ ಎಣಿಕೆ ತೊಡಗಿದ ವರ್ಷವನ್ನು, ಮುದ್ರಿಸಿ ಸುಮ್ಮನಾಗುತ್ತದೆ.

ಅದೇ ಆವೃತ್ತಿಯಲ್ಲಿ 'ಕ್ಯಾಲೆಂಡರ್' ಎಂಬ ಪೂರ್ಣ ಹೆಸರಿನ ಇನ್ನೊಂದು ಕ್ರಮವಿಧಿಯೂ ಇದೆ. ಅದು ಜ್ಞಾಪಕದ ಕೆಲಸಗಾರ. ಬಳಸುವವನು ತನ್ನ ಕೆಲಸಗಳನ್ನು ದಿನಾಂಕದೊಡನೆ ಒಂದು ಕಡತದಲ್ಲಿ ಬರೆದಿಟ್ಟರೆ, ಇಂದಿನ ಹಾಗೂ ನಾಳಿನ ಕೆಲಸಗಳ ಸಾಲುಗಳನ್ನು ಮಾತ್ರ ಅದು ಆರಿಸಿ ತೋರಿಸುತ್ತದೆ. ವಾರದ ಕೊನೆಯಲ್ಲಾದರೆ 'ನಾಳೆ' ಎಂಬುದನ್ನು ಸೋಮವಾರದವರೆಗೂ ಹಿಗ್ಗಿಸಿಕೊಳ್ಳುವಷ್ಟು ಜಾಣತನ ಅದಕ್ಕುಂಟು. ಆದರೂ ಅದು ಅಮೆರಿಕದ ರೂಢಿಗೆ ಕಟ್ಟುಬಿದ್ದದ್ದು. ತಿಂಗಳು ಮೊದಲು, ದಿನ ಆಮೇಲೆ. ನಮ್ಮ ರೂಢಿಯಂತೆ ಡಿಸೆಂಬರ್ 7ನ್ನು 7/12 ಎಂದು ಬರೆದವನಿಗೆ ಅದು ಜುಲೈ 12ರಂದು ನೆನಪಿಸೀತು. ಒಂದು ದೇಶದ ರೂಢಿ ಯಂತ್ರದೊಳಗೆ ಸೇರಿ ಎಲ್ಲ ದೇಶಗಳಿಗೂ ನಿಯಮವಾಗಿಬಿಡುವುದು ಹೀಗೆ.

ಹಳೆಯ ಯುನಿಕ್ಸನ್ನು ನಡೆಸುವ ಆಸಕ್ತರು ಇಂದಿಗೂ ಇದ್ದಾರೆ. ಕೆಲವರು ಹಳೆಯ ಯಂತ್ರಗಳನ್ನೇ ದುರಸ್ತಿ ಮಾಡಿ ಕಾಪಾಡುತ್ತಾರೆ. ಹಲವರು ಇಂದಿನ ಗಣಕಯಂತ್ರದಲ್ಲಿ ಪಿಡಿಪಿ-11ರ ನಡವಳಿಕೆಯನ್ನು ತದ್ರೂಪವಾಗಿ ಅನುಕರಿಸುವ ಕ್ರಮವಿಧಿಯೊಂದನ್ನು ಓಡಿಸಿ, ಅದರೊಳಗೆ ಹಳೆಯ ಯುನಿಕ್ಸನ್ನು ಎಬ್ಬಿಸುತ್ತಾರೆ. ಒಂದು ಕಾಲದಲ್ಲಿ ಪರವಾನಗಿಯಿಲ್ಲದೆ ಯಾರೂ ಮುಟ್ಟುವಂತಿರದ ಆ ಹಳೆಯ ಆವೃತ್ತಿಗಳ ಮೂಲಲಿಪಿಯನ್ನು, ಆಗ ಅದರ ಹಕ್ಕುಗಳನ್ನು ಹೊಂದಿದ್ದ ಕಾಲ್ಡೆರಾ ಎಂಬ ಸಂಸ್ಥೆ 2002ರ ಜನವರಿಯಲ್ಲಿ ಎಲ್ಲರೂ ಬಳಸಬಹುದೆಂದು ಬಿಟ್ಟುಕೊಟ್ಟಿತು. ಅಂದಿನಿಂದ ಅವು ವಿದ್ಯಾರ್ಥಿಗಳ ಅಧ್ಯಯನಕ್ಕೆ ದೊರೆಯುತ್ತಿವೆ.

ಇಂಥ ಹಳೆಯ ವ್ಯವಸ್ಥೆಯಲ್ಲಿ ಒಂದು ದಿನದರ್ಶಿಕೆಯ ಕ್ರಮವಿಧಿಯನ್ನು ಸ್ಥಾಪಿಸುವುದೆಂದರೆ ಇಂದಿನಂತೆ ಗುಂಡಿಯೊತ್ತಿ ಕಾಯುವ ಕೆಲಸವಲ್ಲ. ಕ್ರಮವಿಧಿ ಮೊದಲು ಮನುಷ್ಯರು ಓದಬಲ್ಲ ಮೂಲಲಿಪಿಯ ರೂಪದಲ್ಲಿರುತ್ತದೆ. ಅದನ್ನು ಯಂತ್ರದ ಭಾಷೆಗೆ ಪರಿವರ್ತಿಸಲು ಕಂಪೈಲರ್ ಎಂಬ ಬೇರೊಂದು ಕ್ರಮವಿಧಿ ಬೇಕು. ಬೆಂಗಳೂರಿನಲ್ಲಿ ಬರೆದ ಓಲೆಯನ್ನು ಬೇರೆ ಭಾಷೆಯ ಊರಿಗೆ ಒಯ್ದು, ಅಲ್ಲಿಯ ದುಭಾಷಿಯ ಕೈಯಲ್ಲಿ ಓದಿಸಿದಂತೆ ಇದು. ದುಭಾಷಿ ಎಷ್ಟು ಬಲ್ಲವನೋ ಅಷ್ಟೇ ಅರ್ಥ ಹೊರಬರುತ್ತದೆ. ಹಿಂದೆ ಮೂಲಲಿಪಿ ಕಾಂತೀಯ ಸುರುಳಿಗಳಲ್ಲಿ ಅಂಚೆಯ ಮೂಲಕ ಬರುತ್ತಿತ್ತು. ಈಗ ಸುರುಳಿಯೂ ಅನುಕರಣದ್ದೇ. ಆದರೆ ಅದನ್ನು ಬಿಚ್ಚಿ ಕಡತಗಳನ್ನು ಹೊರತೆಗೆಯುವ ವಿಧಾನ ಹಳೆಯದೇ.

ಹೊಸಬನೊಬ್ಬ ಸಾಮಾನ್ಯವಾಗಿ ತನಗೆ ಪರಿಚಿತವಾದ ಇಂದಿನ ಕ್ರಮವಿಧಿಯೊಂದನ್ನೇ ಹಳೆಯ ಯಂತ್ರಕ್ಕೆ ಒಯ್ಯುತ್ತಾನೆ. ಅವನಿಗೆ ಎದುರಾಗುವ ಮೊದಲನೆಯ ತೊಡಕು ಭಾಷೆಯದು. 'ಸಿ' ಭಾಷೆಯನ್ನು ವಿವರಿಸುವ ಪ್ರಸಿದ್ಧ ಗ್ರಂಥವನ್ನು ಬ್ರಿಯಾನ್ ಕರ್ನಿಘನ್ ಮತ್ತು ಡೆನಿಸ್ ರಿಚಿ ಪ್ರಕಟಿಸಿದ್ದು 1978ರಲ್ಲಿ. ಆ ಭಾಷೆಗೆ ಅಮೆರಿಕದ ಮಾನಕ ಸಂಸ್ಥೆ ಅಧಿಕೃತ ರೂಪ ಕೊಟ್ಟದ್ದು 1989ರಲ್ಲಿ. ನಡುವಿನ ಹತ್ತು ವರ್ಷಗಳಲ್ಲಿ ಭಾಷೆ ಬೆಳೆದಿತ್ತು. 1989ರ ಅನಂತರದ ವ್ಯಾಕರಣದಲ್ಲಿ ಬರೆದ ಲಿಪಿಯನ್ನು 1979ರ ಕಂಪೈಲರಿನ ಮುಂದಿಟ್ಟರೆ ಅದು ಸಾಲುಸಾಲಿಗೂ ದೋಷ ತೋರಿಸುತ್ತದೆ. ಹೆಸರುಗಳ ವಿಷಯದಲ್ಲಿಯೂ ಹಾಗೆಯೇ. ಹಳೆಯ ಕಂಪೈಲರ್ ಒಂದು ಹೆಸರಿನ ಮೊದಲ ಎಂಟು ಅಕ್ಷರಗಳಿಗಿಂತ ಮುಂದೆ ನೋಡುವುದಿಲ್ಲ; ಮೊದಲ ಎಂಟು ಅಕ್ಷರಗಳು ಒಂದೇ ಆಗಿರುವ ಎರಡು ಹೆಸರುಗಳು ಅದಕ್ಕೆ ಒಂದೇ. ಇಲ್ಲಿ ತಪ್ಪು ಬರೆದವನದೂ ಅಲ್ಲ, ಓದಿದ ಯಂತ್ರದ್ದೂ ಅಲ್ಲ. ಇಬ್ಬರ ಕಾಲ ಬೇರೆ. ತಾಳ್ಮೆಯಿಂದ ಕುಳಿತು ಹೊಸ ನುಡಿಯನ್ನು ಹಳೆಯ ನುಡಿಗೆ ತಿದ್ದುವುದೊಂದೇ ದಾರಿ.

ಎರಡನೆಯ ತೊಡಕು ಇನ್ನೂ ಆಳವಾದುದು. ಏಕೆಂದರೆ ಅದು ದೋಷವನ್ನು ತೋರಿಸಿಕೊಳ್ಳುವುದಿಲ್ಲ. ಪಿಡಿಪಿ-11 ಒಂದು ಸಾಮಾನ್ಯ ಪೂರ್ಣಾಂಕವನ್ನು 16 ಅಂಕಗಳ ದ್ವಿಮಾನ ರೂಪದಲ್ಲಿ ಇಡುತ್ತದೆ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಧನಸಂಖ್ಯೆ 32,767. ಅದಕ್ಕೆ ಒಂದನ್ನು ಕೂಡಿಸಿದರೆ 32,768 ಬರುವುದಿಲ್ಲ. ಋಣ 32,768 ಬರುತ್ತದೆ. ತುಂಬಿದ ಕೊಳಗಕ್ಕೆ ಇನ್ನೊಂದು ಕಾಳು ಹಾಕಿದೊಡನೆ ಕೊಳಗವೇ ತಲೆಕೆಳಗಾದಂತೆ. ಇಂದಿನ ಹಲವು ದಿನದರ್ಶಿಕೆಗಳು ಕ್ರಿಸ್ತಶಕ 1ರ ಜನವರಿ 1ರಿಂದ ದಿನಗಳನ್ನು ಒಂದೇ ಸಮನೆ ಎಣಿಸಿ ಲೆಕ್ಕ ಹಾಕುತ್ತವೆ. ಆ ಎಣಿಕೆ ಈಗ ಏಳು ಲಕ್ಷವನ್ನು ದಾಟಿದೆ. 32,767 ದಿನಗಳೆಂದರೆ ತೊಂಬತ್ತು ವರ್ಷವೂ ತುಂಬುವುದಿಲ್ಲ. ಆದುದರಿಂದ ಹೊಸ ಕ್ರಮವಿಧಿ ಹಳೆಯ ಯಂತ್ರದಲ್ಲಿ ಯಾವ ದೂರನ್ನೂ ಹೇಳದೆ ಓಡಿ, ಯಾವುದೋ ತಿಂಗಳನ್ನು ಯಾವುದೋ ವಾರದಿಂದ ಆರಂಭಿಸಿ ಮುದ್ರಿಸಬಹುದು. ನೋಡುವವನಿಗೆ ಅದು ಅಂದವಾದ ದಿನದರ್ಶಿಕೆಯಾಗಿಯೇ ಕಾಣುತ್ತದೆ. ಕೆಟ್ಟು ನಿಂತ ಯಂತ್ರಕ್ಕಿಂತ ಧೈರ್ಯದಿಂದ ಸುಳ್ಳು ಹೇಳುವ ಯಂತ್ರ ಹೆಚ್ಚು ಅಪಾಯಕಾರಿ.

ಈ ಇಕ್ಕಟ್ಟಿನಲ್ಲಿಯೇ ಹಳೆಯ ಕ್ಯಾಲ್ ಕ್ರಮವಿಧಿಯನ್ನು ಬರೆದವರ ಜಾಣ್ಮೆ ಬೆಳಗುವುದು. ಅವರು ಲಕ್ಷಗಟ್ಟಲೆ ದಿನಗಳನ್ನು ಎಣಿಸುವ ಗೋಜಿಗೇ ಹೋಗಲಿಲ್ಲ. ಒಂದು ವರ್ಷದ ದಿನದರ್ಶಿಕೆಯನ್ನು ಬರೆಯಲು ಬೇಕಾದುದು ಎರಡೇ ಸಂಗತಿ: ಆ ವರ್ಷದ ಜನವರಿ 1 ಯಾವ ವಾರ, ಫೆಬ್ರವರಿಗೆ ಎಷ್ಟು ದಿನ. ಸಾಮಾನ್ಯ ವರ್ಷದಲ್ಲಿ 365 ದಿನಗಳು. ಅದನ್ನು 7ರಿಂದ ಭಾಗಿಸಿದರೆ ಶೇಷ 1. ಆದ್ದರಿಂದಲೇ 2026ರ ಜನವರಿ 1 ಗುರುವಾರವಾದರೆ 2027ರ ಜನವರಿ 1 ಶುಕ್ರವಾರ. ಅಧಿಕ ವರ್ಷದಲ್ಲಿ 366 ದಿನಗಳು; ಶೇಷ 2. 2024ರ ಜನವರಿ 1 ಸೋಮವಾರ, 2025ರದು ಬುಧವಾರ. ಹೀಗೆ ವರ್ಷಕ್ಕೊಂದು ವಾರವನ್ನೂ, ನಾಲ್ಕು ವರ್ಷಕ್ಕೆ ಇನ್ನೊಂದನ್ನೂ ಮುಂದೆ ಸರಿಸುತ್ತ ಹೋದರೆ 9999ನೆಯ ವರ್ಷಕ್ಕೂ ಬರುವ ಮೊತ್ತ ಸುಮಾರು ಹನ್ನೆರಡೂವರೆ ಸಾವಿರ ಮಾತ್ರ. ಪುಟ್ಟ ಕೊಳಗದಲ್ಲಿ ಅದು ಧಾರಾಳವಾಗಿ ಹಿಡಿಸುತ್ತದೆ. ಇರುವ ಸ್ಥಳವನ್ನರಿತು ಲೆಕ್ಕವನ್ನೇ ಬದಲಿಸಿಕೊಳ್ಳುವುದು ಮಿತವ್ಯಯದ ಉತ್ತಮ ಪಾಠ.

ಮೂಲಲಿಪಿ ಸಿದ್ಧವಾದ ಮೇಲೆ ಸ್ಥಾಪನೆಯ ಕ್ರಮ ಹೀಗೆ. ಮೊದಲು ಅದನ್ನು ತನ್ನ ಸ್ವಂತ ಡೈರೆಕ್ಟರಿಯಲ್ಲಿ ಇಟ್ಟುಕೊಂಡು ಕಂಪೈಲ್ ಮಾಡಬೇಕು. ದೋಷಗಳಿಲ್ಲದೆ ಪರಿವರ್ತನೆಯಾದರೆ ನಡೆಸಬಲ್ಲ ಕಡತವೊಂದು ದೊರೆಯುತ್ತದೆ. ಅದನ್ನು ಅಲ್ಲಿಯೇ ಓಡಿಸಿ ಪರೀಕ್ಷಿಸಬೇಕು. ಎಲ್ಲರೂ ಬಳಸುವ ಕ್ರಮವಿಧಿಗಳು ಇರುವುದು 'ಬಿನ್' ಎಂಬ ಸಾರ್ವಜನಿಕ ಡೈರೆಕ್ಟರಿಗಳಲ್ಲಿ. ಅಲ್ಲಿ ಕೈಹಾಕುವ ಅಧಿಕಾರ ಎಲ್ಲರಿಗೂ ಇಲ್ಲ. 'ರೂಟ್' ಎಂಬ ಹೆಸರಿನ ಮೇಲ್ವಿಚಾರಕನಿಗೆ ಮಾತ್ರ ಉಂಟು. ಅದೇ ಹೆಸರಿನ ಹಳೆಯ ಕ್ರಮವಿಧಿ ಅಲ್ಲಿದ್ದರೆ ಅದನ್ನು ಅಳಿಸದೆ ಬೇರೆ ಹೆಸರಿನಲ್ಲಿ ಉಳಿಸಿಕೊಂಡು, ಹೊಸದನ್ನು ಅಲ್ಲಿಗೆ ನಕಲು ಮಾಡಬೇಕು. ಬಳಿಕ ಎಲ್ಲರೂ ಅದನ್ನು ಓದಬಹುದು, ನಡೆಸಬಹುದು, ಆದರೆ ಒಡೆಯನಲ್ಲದವನು ತಿದ್ದಲಾರ ಎಂಬಂತೆ ಅನುಮತಿಗಳನ್ನು ಗೊತ್ತುಪಡಿಸಬೇಕು. ಕೊನೆಗೆ ಸಾಮಾನ್ಯ ಬಳಕೆದಾರನಾಗಿ ಮತ್ತೆ ಪ್ರವೇಶಿಸಿ, ಅದು ಸರಿಯಾಗಿ ನಡೆಯುವುದೇ ಎಂದು ನೋಡಬೇಕು. ಇದರಲ್ಲಿ ಕಷ್ಟವಾದುದು ಏನೂ ಇಲ್ಲ. ಆದರೆ ಸಾರ್ವಜನಿಕ ಬಾವಿಗೆ ಔಷಧಿ ಹಾಕುವವನಷ್ಟು ಎಚ್ಚರ ಬೇಕು. ಒಬ್ಬನ ಅವಸರದ ಫಲವನ್ನು ಎಲ್ಲರೂ ಉಣ್ಣಬೇಕಾಗುತ್ತದೆ.

ಪರೀಕ್ಷೆಯ ಮಾತಿಗೆ ಬಂದರೆ, ಈ ತಿಂಗಳನ್ನು ಮುದ್ರಿಸಿ ಗೋಡೆಯ ದಿನದರ್ಶಿಕೆಯೊಡನೆ ಹೋಲಿಸಿದರೆ ಸಾಲದು. ಬಲ್ಲವರು ಕೇಳುವ ತಿಂಗಳು ಬೇರೆ: 1752ರ ಸೆಪ್ಟೆಂಬರ್. ಯುನಿಕ್ಸಿನ ಕೈಪಿಡಿಯೇ ಆ ತಿಂಗಳನ್ನು ಪ್ರಯತ್ನಿಸಿ ನೋಡಲು ಓದುಗರಿಗೆ ಸೂಚಿಸುತ್ತದೆ. ಕೇಳಿದವನ ಮುಂದೆ ವಿಚಿತ್ರವಾದ ತಿಂಗಳೊಂದು ಮೂಡುತ್ತದೆ. ಮೊದಲ ಸಾಲಿನಲ್ಲಿ ಮಂಗಳವಾರ 1, ಬುಧವಾರ 2. ಅದರ ಮಗ್ಗುಲಲ್ಲಿಯೇ ಗುರುವಾರ 14, ಶುಕ್ರವಾರ 15, ಶನಿವಾರ 16. ಎರಡನೆಯ ಸಾಲು 17ರಿಂದ 23. ಮೂರನೆಯದು 24ರಿಂದ 30. ಅಲ್ಲಿಗೆ ತಿಂಗಳು ಮುಗಿಯಿತು. ಇಡೀ ತಿಂಗಳಿಗೆ ಹತ್ತೊಂಬತ್ತೇ ದಿನಗಳು. ಮೂರರಿಂದ ಹದಿಮೂರರವರೆಗಿನ ಹನ್ನೊಂದು ತಾರೀಖುಗಳು ಕಾಣೆಯಾಗಿವೆ. ಸಂಗತಿ ತಿಳಿಯದವನು ಕ್ರಮವಿಧಿ ಕೆಟ್ಟಿದೆಯೆಂದು ತಿಳಿದು ಅದನ್ನು ತಿದ್ದಲು ಹೊರಡುತ್ತಾನೆ. ನಿಜವಾಗಿ, ಹಾಗೆ ಮುದ್ರಿಸಿದರೇ ಅದು ಸರಿಯಾಗಿದೆಯೆಂದು ಅರ್ಥ.

ಆ ಹನ್ನೊಂದು ದಿನಗಳ ಕಥೆ ರೋಮಿನಿಂದ ಆರಂಭವಾಗುತ್ತದೆ. ಜೂಲಿಯಸ್ ಸೀಸರನ ಹೆಸರಿನಿಂದ ಜೂಲಿಯನ್ ಎನಿಸಿಕೊಂಡ ಹಳೆಯ ಗಣನೆಯಲ್ಲಿ ಪ್ರತಿ ನಾಲ್ಕನೆಯ ವರ್ಷವೂ ಅಧಿಕ ವರ್ಷ. ಅದರಂತೆ ವರ್ಷದ ಸರಾಸರಿ ಉದ್ದ 365 ದಿನ 6 ಗಂಟೆ. ಋತುಗಳ ಚಕ್ರ ಒಂದು ಸುತ್ತು ತಿರುಗಲು ತೆಗೆದುಕೊಳ್ಳುವ ಕಾಲ ಅದಕ್ಕಿಂತ ಸುಮಾರು 11 ನಿಮಿಷ ಕಡಿಮೆ. ಹನ್ನೊಂದು ನಿಮಿಷ ಅಲ್ಪವೆಂದು ತೋರಬಹುದು. ಆದರೆ ಸುಮಾರು 128 ವರ್ಷಗಳಲ್ಲಿ ಅದು ಒಂದು ಇಡೀ ದಿನವಾಗುತ್ತದೆ. ಹದಿನಾರನೆಯ ಶತಮಾನದ ವೇಳೆಗೆ ವಸಂತದ ಸಮಹಗಲಿರುಳು ತಾರೀಖಿಗಿಂತ ಹತ್ತು ದಿನ ಹಿಂದೆ ಸರಿದಿತ್ತು. 1582ರಲ್ಲಿ ಪೋಪ್ 13ನೆಯ ಗ್ರೆಗರಿ ಅದನ್ನು ಸರಿಪಡಿಸಿದರು. ಆ ವರ್ಷ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಎಣಿಸಲಾಯಿತು. ಮುಂದೆ ಶತಮಾನದ ವರ್ಷಗಳು 400ರಿಂದ ಭಾಗವಾದರೆ ಮಾತ್ರ ಅಧಿಕ ವರ್ಷಗಳೆಂದು ನಿಯಮವಾಯಿತು. ಇಟಲಿ, ಸ್ಪೇನ್, ಪೋರ್ಚುಗಲ್, ಪೋಲೆಂಡ್ ದೇಶಗಳು ಕೂಡಲೇ ಒಪ್ಪಿದವು. ಪೋಪರ ಅಧಿಕಾರವನ್ನು ಒಪ್ಪದಿದ್ದ ಇಂಗ್ಲೆಂಡು ಹಳೆಯ ಗಣನೆಯನ್ನೇ ಹಿಡಿದು ಕುಳಿತಿತು. ಒಂದೇ ದಿನಕ್ಕೆ ಪ್ಯಾರಿಸಿನಲ್ಲಿ ಒಂದು ತಾರೀಖು, ಲಂಡನ್ನಿನಲ್ಲಿ ಇನ್ನೊಂದು ತಾರೀಖು ನಡೆಯಿತು.

1751ರಲ್ಲಿ ಬ್ರಿಟಿಷ್ ಸಂಸತ್ತು ಹೊಸ ಗಣನೆಯನ್ನು ಒಪ್ಪುವ ಶಾಸನವನ್ನು ಮಾಡಿತು. 1700ನೆಯ ವರ್ಷ ಜೂಲಿಯನ್ ಗಣನೆಯಲ್ಲಿ ಅಧಿಕ ವರ್ಷವಾಗಿದ್ದರಿಂದ ಅಷ್ಟರಲ್ಲಿ ಅಂತರ ಹನ್ನೊಂದು ದಿನಕ್ಕೆ ಬೆಳೆದಿತ್ತು. ಅದರಂತೆ 1752ರ ಸೆಪ್ಟೆಂಬರ್ 2ರ ಬುಧವಾರ ರಾತ್ರಿ ಮಲಗಿದವರು ಸೆಪ್ಟೆಂಬರ್ 14ರ ಗುರುವಾರ ಎದ್ದರು. ವಾರದ ಸರಣಿ ಮಾತ್ರ ತುಂಡಾಗಲಿಲ್ಲ. ಯಾರ ಆಯುಸ್ಸಿನಲ್ಲಿಯೂ ಒಂದು ಗಳಿಗೆ ಕಡಿಮೆಯಾಗಲಿಲ್ಲ. ಬದಲಾದುದು ಹೆಸರು ಮಾತ್ರ. ಆದರೆ ಹೆಸರಿನ ಹಿಂದೆ ಹಣವಿತ್ತು. ತಿಂಗಳಿಗೆ ಹತ್ತೊಂಬತ್ತೇ ದಿನಗಳಾದರೆ ಬಾಡಿಗೆಯನ್ನು ಯಾವಾಗ ಕೊಡಬೇಕು? ಸಾಲದ ಗಡುವು ಹನ್ನೊಂದು ದಿನ ಮುಂಚೆಯೇ ಬಂದಂತಾಗುವುದೇ? ಶಾಸನ ಇದನ್ನು ಮೊದಲೇ ಯೋಚಿಸಿ, ಗಡುವುಗಳು ನಿಜವಾದ ದಿನಗಳ ಎಣಿಕೆಯಂತೆಯೇ ನಡೆಯಬೇಕೆಂದು ವಿಧಿಸಿತ್ತು. ಬ್ರಿಟನ್ನಿನ ತೆರಿಗೆಯ ವರ್ಷ ಇಂದಿಗೂ ಏಪ್ರಿಲ್ 6ರಂದು ಆರಂಭವಾಗುವುದು ಆ ಬದಲಾವಣೆ ಉಳಿಸಿಹೋದ ಗುರುತು. ಆಗ ಅಮೆರಿಕದ ಪೂರ್ವ ತೀರದ ವಸಾಹತುಗಳು ಬ್ರಿಟನ್ನಿನ ಆಳ್ವಿಕೆಯಲ್ಲಿದ್ದುದರಿಂದ ಶಾಸನ ಅವುಗಳಿಗೂ ಅನ್ವಯಿಸಿತು. ಆದ್ದರಿಂದಲೇ ಎರಡು ಶತಮಾನಗಳ ಅನಂತರ ನ್ಯೂಜೆರ್ಸಿಯಲ್ಲಿ ಹುಟ್ಟಿದ ಕ್ರಮವಿಧಿಯೊಳಗೆ 1752 ಬಂದು ಸೇರಿತು.

ಕ್ರಮವಿಧಿ ಇದನ್ನು ನಿಭಾಯಿಸುವ ಬಗೆ ಗಣಿತದಲ್ಲಿ ಆಸಕ್ತಿಯುಳ್ಳವರಿಗೆ ಸಂತೋಷ ಕೊಡುತ್ತದೆ. ಅದು ಕೇಳಿದ ವರ್ಷದ ಜನವರಿ 1ರ ವಾರವನ್ನೂ, ಮರುವರ್ಷದ ಜನವರಿ 1ರ ವಾರವನ್ನೂ ಕಂಡುಹಿಡಿದು ಅಂತರವನ್ನು ನೋಡುತ್ತದೆ. ಅಂತರ 1 ಆದರೆ ಸಾಮಾನ್ಯ ವರ್ಷ. ಫೆಬ್ರವರಿಗೆ 28 ದಿನ. ಅಂತರ 2 ಆದರೆ ಅಧಿಕ ವರ್ಷ, 29 ದಿನ. ಈ ಎರಡೂ ಅಲ್ಲದ ಅಂತರ ಬಂದರೆ? ಅದು ಒಂದೇ ಒಂದು ವರ್ಷಕ್ಕೆ ಸಾಧ್ಯ. 1752 ಅಧಿಕ ವರ್ಷವಾಗಿದ್ದರೂ 366ರಲ್ಲಿ 11 ಕಳೆದು 355 ದಿನಗಳೇ ಉಳಿದವು. 355ನ್ನು 7ರಿಂದ ಭಾಗಿಸಿದರೆ ಶೇಷ 5. ಆ ವರ್ಷದ ಜನವರಿ 1 ಬುಧವಾರ, ಮರುವರ್ಷದ ಜನವರಿ 1 ಸೋಮವಾರ. ಎಣಿಸಿದರೆ ಅಂತರ ಐದೇ. ಅಂಥ ಅಂತರ ಕಂಡೊಡನೆ ಕ್ರಮವಿಧಿ ಸೆಪ್ಟೆಂಬರಿಗೆ 19 ದಿನಗಳೆಂದು ನಿಶ್ಚಯಿಸಿ, ಎರಡರಿಂದ ಹದಿನಾಲ್ಕಕ್ಕೆ ಹಾರುತ್ತದೆ. ಒಂದು ಸಾಮ್ರಾಜ್ಯದ ಶಾಸನ ಕೆಲವೇ ಸಾಲುಗಳ ಲೆಕ್ಕದಲ್ಲಿ ಅಡಗಿ ಕುಳಿತಿದೆ.

ಹಾಗೆಂದು ಕ್ಯಾಲ್ ಹೇಳುವುದೆಲ್ಲ ಎಲ್ಲ ದೇಶಗಳಿಗೂ ಸತ್ಯವೆನ್ನಲಾಗದು. ರೋಮಿನಲ್ಲಿ ದಿನಗಳು ಕಳೆದುಹೋದದ್ದು 1582ರಲ್ಲಿ. ರಷ್ಯದಲ್ಲಿ 1918ರ ಜನವರಿ 31ರ ಮರುದಿನ ಫೆಬ್ರವರಿ 14 ಆಯಿತು. ಅಲ್ಲಿಯ ಇತಿಹಾಸವನ್ನು ಓದುವವನು ಈ ಅಮೆರಿಕದ ಕ್ರಮವಿಧಿಯನ್ನು ನಂಬಿದರೆ ದಾರಿ ತಪ್ಪುತ್ತಾನೆ. ತಿಥಿ, ನಕ್ಷತ್ರ, ಅಧಿಕ ಮಾಸಗಳನ್ನು ಲೆಕ್ಕಿಸುವ ನಮ್ಮ ಪಂಚಾಂಗದ ಯುಗಾದಿಯಂತೂ ಅದಕ್ಕೆ ತಿಳಿಯದು. ಭಾರತ ಸರ್ಕಾರ 1957ರ ಮಾರ್ಚ್ 22ರಿಂದ ಶಕ ವರ್ಷದ ರಾಷ್ಟ್ರೀಯ ಪಂಚಾಂಗವನ್ನು ಜಾರಿಗೆ ತಂದಿತು. ಅದೂ ಕ್ಯಾಲ್‌ನ ಅರಿವಿನ ಹೊರಗಿನದು. ಸರಿಯಾದ ಕ್ರಮವಿಧಿಯೆಂಬುದು ತನ್ನ ಎಲ್ಲೆಯೊಳಗೆ ಸರಿ. ಎಲ್ಲೆ ಎಲ್ಲಿದೆಯೆಂದು ಅರಿಯುವುದು ಬಳಸುವವನ ಹೊಣೆ.

ಇನ್ನು ಗಡಿಯಾರದ ವಿಷಯ. ಏಳನೆಯ ಆವೃತ್ತಿಯ ಕ್ಯಾಲ್‌ಗೆ ತಿಂಗಳನ್ನೂ ವರ್ಷವನ್ನೂ ಕೇಳುವವನೇ ಹೇಳುವುದರಿಂದ ಅದು ಯಂತ್ರದ ಗಡಿಯಾರವನ್ನು ಅವಲಂಬಿಸುವುದಿಲ್ಲ. ಜ್ಞಾಪಿಸುವ ಕ್ರಮವಿಧಿಗೆ ಹಾಗಲ್ಲ. ಇಂದು ಯಾವ ದಿನವೆಂಬುದು ಯಂತ್ರಕ್ಕೆ ತಿಳಿದಿರಲೇಬೇಕು. ಆ ಕಾಲದಲ್ಲಿ ಗಡಿಯಾರವನ್ನು ಹೊಂದಿಸುವಾಗ ವರ್ಷವನ್ನು ಎರಡೇ ಅಂಕಿಗಳಲ್ಲಿ ಕೊಡುತ್ತಿದ್ದರು. ನೆನಪಿನ ಸ್ಥಳ ದುಬಾರಿಯಾಗಿದ್ದ ಕಾಲದಲ್ಲಿ 19 ಎಂಬುದನ್ನು ಮತ್ತೆ ಮತ್ತೆ ಬರೆಯುವುದು ದುಂದೆಂದು ಲೋಕದ ಎಷ್ಟೋ ಕ್ರಮವಿಧಿಗಾರರು ಭಾವಿಸಿದ್ದರು. 2000ನೆಯ ವರ್ಷ ಸಮೀಪಿಸಿದಾಗ 00 ಎಂದರೆ 1900 ಎಂದು ಯಂತ್ರಗಳು ತಿಳಿದಾವೆಂಬ ಭೀತಿ ಹುಟ್ಟಿತು. ಅವುಗಳನ್ನು ಹುಡುಕಿ ತಿದ್ದುವ ಕೆಲಸದಲ್ಲಿ ಬೆಂಗಳೂರಿನ ಕಂಪನಿಗಳ ಕ್ರಮವಿಧಿಗಾರರೂ ಪಾಲುಗೊಂಡರು. ತಿದ್ದಲಾಗದ ಹಳೆಯ ಯಂತ್ರಗಳಿಗೆ ಒಂದು ಉಪಾಯವುಂಟು. 1901ರಿಂದ 2099ರವರೆಗೆ ದಿನದರ್ಶಿಕೆ 28 ವರ್ಷಗಳಿಗೊಮ್ಮೆ ಮರುಕಳಿಸುತ್ತದೆ. 2026ರಲ್ಲಿ ಗಡಿಯಾರವನ್ನು 1998 ಎಂದು ಇಟ್ಟರೆ ವಾರ, ತಾರೀಖು ಎರಡೂ ಕೂಡಿಬರುತ್ತವೆ. ಆದರೆ ಉಪಾಯ ಉಪಾಯವೇ. ಯಂತ್ರ ಬರೆಯುವ ಪ್ರತಿ ಕಡತದ ಮೇಲೂ ಸುಳ್ಳು ವರ್ಷ ಬೀಳುತ್ತದೆ.

ಇದಕ್ಕಿಂತ ಗಂಭೀರವಾದ ಎಲ್ಲೆಯೊಂದು ಯುನಿಕ್ಸಿನ ಮೂಲದಲ್ಲಿಯೇ ಇದೆ. ಮೊದಲಲ್ಲಿ ಅದು 1971ರ ಜನವರಿ 1ರಿಂದ ಸೆಕೆಂಡಿನ ಅರವತ್ತನೆಯ ಒಂದು ಭಾಗವನ್ನು ಅಳತೆಯಾಗಿಟ್ಟುಕೊಂಡು ಕಾಲವನ್ನು ಎಣಿಸುತ್ತಿತ್ತು. 32 ದ್ವಿಮಾನ ಅಂಕಗಳ ಸ್ಥಳದಲ್ಲಿ ಆ ಎಣಿಕೆ ಸುಮಾರು 828 ದಿನಗಳಲ್ಲಿಯೇ ತುಂಬಿಹೋಗುತ್ತದೆ. ಆದುದರಿಂದ ಮುಂದೆ ಎಣಿಕೆಯನ್ನು ಇಡೀ ಸೆಕೆಂಡುಗಳಿಗೆ ಬದಲಿಸಿ, ಆರಂಭವನ್ನು 1970ರ ಜನವರಿ 1ಕ್ಕೆ ನಿಲ್ಲಿಸಲಾಯಿತು. ಋಣಚಿಹ್ನೆಗೆ ಒಂದು ಅಂಕವನ್ನು ಬಿಟ್ಟರೆ ಉಳಿದ 31 ಅಂಕಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647. ಅಷ್ಟು ಸೆಕೆಂಡುಗಳು ತುಂಬುವುದು 2038ರ ಜನವರಿ 19ರ ಮಂಗಳವಾರ, ಭಾರತದ ಕಾಲಮಾನದಂತೆ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರುಕ್ಷಣ, ತಿದ್ದದೆ ಉಳಿದ ಯಂತ್ರದ ಎಣಿಕೆ ತಲೆಕೆಳಗಾಗಿ 1901ರ ಡಿಸೆಂಬರಿಗೆ ಜಾರುತ್ತದೆ. ಹೊಸ ಯಂತ್ರಗಳು 64 ಅಂಕಗಳ ಎಣಿಕೆಯನ್ನು ಅಳವಡಿಸಿಕೊಂಡು ಈ ಗಂಡಾಂತರದಿಂದ ಪಾರಾಗಿವೆ. ಆದರೆ ಕಾರ್ಖಾನೆಯ ನಿಯಂತ್ರಕಗಳಲ್ಲಿ, ಬಗೆಬಗೆಯ ಉಪಕರಣಗಳ ಒಳಗೆ, ಹಳೆಯ ದಾಖಲೆಗಳ ವಿನ್ಯಾಸದಲ್ಲಿ 32 ಅಂಕಗಳ ಎಣಿಕೆ ಇನ್ನೂ ಉಳಿದಿರಬಹುದು. ಅವುಗಳನ್ನು ಒಂದೊಂದಾಗಿ ಹುಡುಕಬೇಕು.

1970ರ ದಶಕದ ಆ ನಿರ್ಮಾಪಕರನ್ನು ದೂಷಿಸುವುದು ನ್ಯಾಯವಲ್ಲ. ಬೀರುವಿನಂಥ ಯಂತ್ರದ ಇಕ್ಕಟ್ಟಿನಲ್ಲಿ ಅವರು ಅರುವತ್ತೆಂಟು ವರ್ಷಗಳಿಗೆ ಸ್ಥಳವಿಟ್ಟದ್ದೇ ಔದಾರ್ಯ. ತಾವು ಬರೆದುದು ಅಷ್ಟು ಕಾಲ ಬಾಳೀತೆಂದು ಅವರು ಎಣಿಸಿರಲಾರರು. ಆದರೆ ಒಳ್ಳೆಯ ಕೆಲಸದ ಲಕ್ಷಣವೇ ಅದು. ಮಾಡಿದವನ ನಿರೀಕ್ಷೆಯನ್ನು ಮೀರಿ ಬಾಳುತ್ತದೆ. ಹಾಗೆ ಬಾಳುವಾಗ ಅದರ ಗುಣದೊಡನೆ ಅದರ ಎಲ್ಲೆಗಳೂ ಮುಂದಿನವರ ಕೈಗೆ ಬರುತ್ತವೆ. ಅಜ್ಜ ಕಟ್ಟಿಸಿದ ಮನೆಯಲ್ಲಿ ವಾಸಿಸುವವನು ಅದರ ನೆರಳನ್ನು ಅನುಭವಿಸುವಂತೆಯೇ ಅದರ ತೊಲೆಗಳನ್ನೂ ಆಗಾಗ ತಟ್ಟಿ ನೋಡಬೇಕು.

ಹಳೆಯ ಯಂತ್ರದಲ್ಲಿ ಪುಟ್ಟ ದಿನದರ್ಶಿಕೆಯೊಂದನ್ನು ಸ್ಥಾಪಿಸುವವನು ಮಾಡುವುದು ಇದೇ ಕೆಲಸ. ಅವನು ಮೂಲಲಿಪಿಯನ್ನು ಓದುತ್ತಾನೆ, ಎಲ್ಲೆಗಳನ್ನು ಗುರುತಿಸುತ್ತಾನೆ, ಅಂದವಾಗಿ ಮುದ್ರಿತವಾದುದನ್ನೂ ಪರೀಕ್ಷಿಸದೆ ನಂಬುವುದಿಲ್ಲ, ವಿಚಿತ್ರವಾಗಿ ಕಂಡುದನ್ನು ಕಾರಣ ತಿಳಿಯದೆ ಅಳಿಸುವುದಿಲ್ಲ. 2038ರ ಆ ಮಂಗಳವಾರದ ಬೆಳಿಗ್ಗೆ, ಇಂದು ಒಂಬತ್ತನೆಯ ತರಗತಿಯಲ್ಲಿ ಕುಳಿತಿರುವವರು ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ, ಬ್ಯಾಂಕುಗಳಲ್ಲಿ, ಕಾರ್ಖಾನೆಗಳಲ್ಲಿ ದುಡಿಯುತ್ತಿರುತ್ತಾರೆ. ಅಂದು ಯಂತ್ರಗಳು ಸರಿಯಾದ ತಾರೀಖನ್ನು ತೋರಿಸುವುದೂ ತೋರಿಸದಿರುವುದೂ ಅವರಂಥ ಎಚ್ಚರದ ಕೆಲಸಗಾರರ ಕೈಯಲ್ಲಿದೆ.

ಅಭ್ಯಾಸ

1. ಇಂದಿನ ದಿನದರ್ಶಿಕೆಯ ಕ್ರಮವಿಧಿಯನ್ನು ಹಳೆಯ ಯುನಿಕ್ಸಿಗೆ ಒಯ್ದವನಿಗೆ ಎದುರಾಗುವ ಎರಡು ತೊಡಕುಗಳಾವುವು? ಎರಡನೆಯದು ಹೆಚ್ಚು ಅಪಾಯಕಾರಿ ಏಕೆ?

2. 1752ರ ಸೆಪ್ಟೆಂಬರಿನಲ್ಲಿ ಹತ್ತೊಂಬತ್ತೇ ದಿನಗಳಿರಲು ಕಾರಣವೇನು? ಆ ವರ್ಷವನ್ನು ಕ್ಯಾಲ್ ಗುರುತಿಸುವ ಬಗೆಯನ್ನು ಶೇಷಗಳ ಸಹಾಯದಿಂದ ವಿವರಿಸಿ.

3. 1900, 2000, 2100 ಈ ವರ್ಷಗಳಲ್ಲಿ ಅಧಿಕ ವರ್ಷಗಳಾವುವು? ನಿಯಮವನ್ನು ಬರೆಯಿರಿ.

4. "ಸರಿಯಾದ ಕ್ರಮವಿಧಿಯೆಂಬುದು ತನ್ನ ಎಲ್ಲೆಯೊಳಗೆ ಸರಿ." ಈ ಮಾತನ್ನು ಪಾಠದ ನಿದರ್ಶನಗಳಿಂದ ಸಮರ್ಥಿಸಿ.

5. ನೀವು ಹುಟ್ಟಿದ ವರ್ಷದ ದಿನದರ್ಶಿಕೆ ಮತ್ತೆ ಯಾವ ವರ್ಷದಲ್ಲಿ ಹಾಗೆಯೇ ಬರುತ್ತದೆ? 28 ವರ್ಷಗಳ ನಿಯಮದಂತೆ ಲೆಕ್ಕ ಮಾಡಿ.